ಮಕ್ಕಳ ಮೆದುಳಿನ ಗೆಡ್ಡೆ: ಶಸ್ತ್ರಚಿಕಿತ್ಸೆ ಮತ್ತು ಪ್ರೋಟಾನ್ ಚಿಕಿತ್ಸೆ

ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ರಕ್ತದ ಕ್ಯಾನ್ಸರ್‌ನದು ಮೊದಲ ಸ್ಥಾನ. ಗೆಡ್ಡೆಯಾಗಿ ಕಟ್ಟಿಕೊಳ್ಳುವವುಗಳ ಪೈಕಿ ಮೆದುಳಿನ ಗೆಡ್ಡೆಯದೇ ಮೊದಲ ಸ್ಥಾನ. ಹರಳು ವ್ಯಾಪಾರಕ್ಕೆ ಹೆಸರಾದ ಗೌರಿಬಿದನೂರು ತಾಲ್ಲೂಕಿನ ಅಲೀಪುರದಂಥ ಊರಿನಲ್ಲಿ ಮಗುವೊಂದಕ್ಕೆ ಈ ಕಾಯಿಲೆ ಬಂದರೆ ಶಸ್ತ್ರಚಿಕಿತ್ಸೆ ಮಾಡುವವರು ಸುಮಾರು 70 ಕಿ.ಮೀ. ದೂರದ ಬೆಂಗಳೂರಿನಲ್ಲಿ ಸಿಗುತ್ತಾರೆ. ಗೆಡ್ಡೆಗೆ ಪ್ರೋಟಾನ್ ವಿಕಿರಣ ಕೊಡುವ ಯಂತ್ರ ಬೇಕೆಂದರೆ ಅಲ್ಲಿಂದ ಇನ್ನೂ 350 ಕಿ.ಮೀ. ಆಚೆಯ ಚೆನ್ನೈಗೆ ಹೋಗಬೇಕು. ಈ ಚಿಕಿತ್ಸೆಯಲ್ಲಿ ಯಾವುದು ತುರ್ತು, ಯಾವುದು ಅನುಕೂಲವಿದ್ದರೆ ಒಳ್ಳೆಯದು ಎಂಬುದು ಮನೆಯವರಿಗೆ ಮೊದಲೇ ಗೊತ್ತಿರಬೇಕು.

ಎಲ್ಲಿ ಹುಟ್ಟುತ್ತದೆ

ದೊಡ್ಡವರಲ್ಲಿ ಹೆಚ್ಚಾಗಿ ಮೆದುಳಿನ ಮೇಲ್ಭಾಗದಲ್ಲಿ ಬೆಳೆಯುವ ಗೆಡ್ಡೆ, ಮಕ್ಕಳಲ್ಲಿ ಬಹುಪಾಲು ಹಿಂದಲೆಯ ಕೆಳಗೆ, ಅನುಮಸ್ತಿಷ್ಕದ ಸುತ್ತಮುತ್ತ ಬೆಳೆಯುತ್ತದೆ. ಅಲ್ಲಿ ಬರುವ ಕ್ಯಾನ್ಸರ್ ಗೆಡ್ಡೆಗಳಲ್ಲಿ ಮೆಡುಲೋಬ್ಲಾಸ್ಟೋಮಾ ಮುಖ್ಯವಾದದ್ದು. ಪರ್ಸಿವಲ್ ಬೈಲಿ ಮತ್ತು ಹಾರ್ವೆ ಕುಶಿಂಗ್ ಎಂಬ ಅಮೆರಿಕದ ವೈದ್ಯರು 1925ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಅದೇ ಜಾಗದಲ್ಲಿ ಬರುವ ಪೈಲೋಸಿಟಿಕ್ ಆಸ್ಟ್ರೋಸೈಟೋಮಾ ಮಾತ್ರ ಸೌಮ್ಯ. ಪೂರ್ತಿ ತೆಗೆದರೆ ಸಾಮಾನ್ಯವಾಗಿ ಬೇರೆ ಚಿಕಿತ್ಸೆಯೇ ಬೇಡ. ಎಪೆಂಡಿಮೋಮಾ, ಪಿಟ್ಯುಟರಿ ಗ್ರಂಥಿಯ ಬಳಿಯ ಕ್ರೇನಿಯೋಫ್ಯಾರಿಂಜಿಯೋಮಾ ಉಳಿದ ಮುಖ್ಯ ಬಗೆಗಳು.

ಬೆಳಗಿನ ವಾಂತಿ

ಹಿಂದಲೆಯ ಗೆಡ್ಡೆ ಮೆದುಳುನೀರು ಹರಿಯುವ ದಾರಿಯನ್ನು ಒತ್ತಿ ಮುಚ್ಚುತ್ತದೆ. ನೀರು ತುಂಬಿಕೊಂಡು ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ. ರಾತ್ರಿಯಿಡೀ ಮಲಗಿದ್ದಾಗ ಈ ಒತ್ತಡ ಇನ್ನಷ್ಟು ಹೆಚ್ಚುವುದರಿಂದ ಮಗು ಎದ್ದ ಕೂಡಲೇ ತಲೆನೋವೆಂದು ಅಳುತ್ತದೆ, ವಾಂತಿ ಮಾಡುತ್ತದೆ. ಆಮೇಲೆ ಹಗುರಾಗಿ ಆಟಕ್ಕೂ ಹೋಗುತ್ತದೆ. ಮನೆಯವರು ಮೋಸಹೋಗುವುದು ಇಲ್ಲಿಯೇ. ಪಿತ್ತವೆಂದು ಕಷಾಯ ಕೊಡುತ್ತಾರೆ, ಜಂತುಹುಳದ ಮಾತ್ರೆ ನುಂಗಿಸುತ್ತಾರೆ, ದೃಷ್ಟಿ ತೆಗೆಯುತ್ತಾರೆ, ಕನ್ನಡಕ ಹಾಕಿಸುತ್ತಾರೆ. ಅವರನ್ನು ದೂರುವಂತಿಲ್ಲ, ಮಕ್ಕಳ ವಾಂತಿಗೆ ಬಹುಪಾಲು ಸಲ ಕಾರಣ ಸಣ್ಣದೇ ಆಗಿರುತ್ತದೆ. ಆದರೆ ವಾಂತಿ ಎರಡು ವಾರವಾದರೂ ನಿಲ್ಲದಿದ್ದರೆ, ಅದರ ಜೊತೆಗೆ ನಡಿಗೆ ತೂರಾಡಿದರೆ, ಕಣ್ಣು ಮೆಳ್ಳಗಾದರೆ, ಒಂದು ವಸ್ತು ಎರಡಾಗಿ ಕಂಡರೆ, ಕುತ್ತಿಗೆ ಒಂದೇ ಕಡೆ ವಾಲಿದರೆ, ದುಂಡಗಿದ್ದ ಅಕ್ಷರ ಕೆಟ್ಟರೆ ತಲೆಯ ಸ್ಕ್ಯಾನ್ ಆಗಲೇಬೇಕು. ಹಸುಗೂಸಿನಲ್ಲಾದರೆ ತಲೆಯೇ ದೊಡ್ಡದಾಗುತ್ತಾ ಹೋಗುತ್ತದೆ.

ಶಸ್ತ್ರಚಿಕಿತ್ಸೆ

ಚಿಕಿತ್ಸೆಯ ಬುನಾದಿ ಇದೇ. ಒತ್ತಡ ತೀರಾ ಹೆಚ್ಚಿದ್ದರೆ ಮೊದಲು ನೀರಿಗೆ ದಾರಿ ಮಾಡಿಕೊಡುತ್ತಾರೆ: ತಾತ್ಕಾಲಿಕ ನಳಿಕೆ ಇಡಬಹುದು, ನೀರನ್ನು ಹೊಟ್ಟೆಗೆ ಇಳಿಸುವ ಶಂಟ್ ಹಾಕಬಹುದು, ಇಲ್ಲವೇ ಎಂಡೋಸ್ಕೋಪಿನಿಂದ ಒಳಗೇ ಹೊಸ ರಂಧ್ರ ಮಾಡಬಹುದು. ಆಮೇಲೆ ಹಿಂದಲೆಯ ಮೂಳೆ ತೆರೆದು, ಸೂಕ್ಷ್ಮದರ್ಶಕದಡಿ ಗೆಡ್ಡೆಯನ್ನು ಚೂರುಚೂರಾಗಿ ತೆಗೆಯುತ್ತಾರೆ. ಉಸಿರಾಟ, ನುಂಗುವಿಕೆಗಳನ್ನು ನಡೆಸುವ ಮೆದುಳುಕಾಂಡಕ್ಕೆ ಗೆಡ್ಡೆ ಅಂಟಿದ್ದರೆ ಆ ತುಣುಕನ್ನು ಬಿಟ್ಟುಬರುವುದೇ ಜಾಣತನ.

ಮೆಡುಲೋಬ್ಲಾಸ್ಟೋಮಾ ತೆಗೆದ ಮೇಲೆ ಸುಮಾರು ಕಾಲು ಭಾಗ ಮಕ್ಕಳು ಒಂದೆರಡು ದಿನದಲ್ಲಿ ಮಾತು ನಿಲ್ಲಿಸಿಬಿಡುತ್ತಾರೆ. ಇದನ್ನು ಮೊದಲೇ ತಿಳಿಸಿರದಿದ್ದರೆ ತಾಯಿತಂದೆಯ ಎದೆಯೇ ಒಡೆಯುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮಾತು ಸಾಮಾನ್ಯವಾಗಿ ಮರಳುತ್ತದೆ, ಹಿಂದಿನಷ್ಟು ಸರಾಗವಾಗಿ ಅಲ್ಲದಿದ್ದರೂ.

ಈ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ರಾಜ್ಯದ ಪ್ರಮುಖ ಸರ್ಕಾರಿ ಕೇಂದ್ರ. 1974ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆಯ ಮೊದಲ ನಿರ್ದೇಶಕರಾದ ಡಾ. ಆರ್.ಎಂ. ವರ್ಮಾ ಸ್ವತಃ ನರಶಸ್ತ್ರಚಿಕಿತ್ಸಕರು. ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಉಚಿತ. ನಿಮ್ಹಾನ್ಸ್‌ನ ನೆರೆಯಲ್ಲೇ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿದೆ. ಒಂದರಲ್ಲಿ ಗೆಡ್ಡೆ ತೆಗೆಸಿಕೊಂಡು ಇನ್ನೊಂದರಲ್ಲಿ ವಿಕಿರಣ ಪಡೆಯಬಹುದು ಎಂಬುದು ಹಳ್ಳಿಯಿಂದ ಬಂದವರಿಗೆ ಸಣ್ಣ ಅನುಕೂಲವಲ್ಲ.

ಪ್ರೋಟಾನ್ ಮಾಡುವುದೇನು

ಮೆಡುಲೋಬ್ಲಾಸ್ಟೋಮಾದ ಕಣಗಳು ಮೆದುಳುನೀರಿನಲ್ಲಿ ತೇಲಿ ಬೆನ್ನುಹುರಿಗೂ ಇಳಿಯುತ್ತವೆ. ಹಾಗಾಗಿ ಇಡೀ ಮೆದುಳಿಗೂ ಬೆನ್ನುಹುರಿಗೂ ವಿಕಿರಣ ಕೊಟ್ಟು, ಗೆಡ್ಡೆಯಿದ್ದ ಜಾಗಕ್ಕೆ ಹೆಚ್ಚುವರಿ ಕೊಡುತ್ತಾರೆ. ಅಪಾಯ ಕಡಿಮೆಯಿರುವ ಮಕ್ಕಳಿಗೆ ಇಡೀ ಭಾಗಕ್ಕೆ 23.4 ಗ್ರೇ (ವಿಕಿರಣವನ್ನು ಅಳೆಯುವ ಮಾನ), ಗೆಡ್ಡೆಯ ಜಾಗಕ್ಕೆ ಒಟ್ಟು 54 ಗ್ರೇ. ದಿನಕ್ಕೊಂದರಂತೆ ಸುಮಾರು 30 ಸಲ. ಜೊತೆಗೆ ಕಿಮೋಥೆರಪಿಯೂ ಇರುತ್ತದೆ. 3 ವರ್ಷದೊಳಗಿನ ಕೂಸುಗಳಿಗೆ ಕಿಮೋಥೆರಪಿಯಿಂದಲೇ ವಿಕಿರಣವನ್ನು ಮುಂದೂಡಲು ನೋಡುತ್ತಾರೆ.

ಜನ ‘ಕರೆಂಟ್ ಕೊಡುವುದು’ ಎನ್ನುವ ಮಾಮೂಲಿ ವಿಕಿರಣ ಎಕ್ಸ್-ಕಿರಣದ್ದು. ಅದು ಗೆಡ್ಡೆಯನ್ನು ದಾಟಿ ದೇಹದ ಆಚೆ ಬದಿಯವರೆಗೂ ಹೋಗುತ್ತದೆ. ಬೆನ್ನಿಗೆ ಕೊಟ್ಟದ್ದರಲ್ಲಿ ಒಂದಷ್ಟು ಹೃದಯಕ್ಕೂ ಥೈರಾಯ್ಡ್‌ಗೂ ಕರುಳಿಗೂ ತಗಲುತ್ತದೆ. ಪ್ರೋಟಾನ್ ಎಂದರೆ ಎಲೆಕ್ಟ್ರಾನ್ ಕಳಚಿದ ಜಲಜನಕದ ಪರಮಾಣು. ಸೈಕ್ಲೋಟ್ರಾನ್ ಯಂತ್ರ ಅದಕ್ಕೆ ಬೆಳಕಿನ ವೇಗದ ಅರ್ಧಕ್ಕೂ ಮೀರಿದ ವೇಗ ಕೊಡುತ್ತದೆ. ಮೈಯೊಳಗೆ ಹೊಕ್ಕ ಪ್ರೋಟಾನ್ ದಾರಿಯಲ್ಲಿ ಸ್ವಲ್ಪವೇ ಶಕ್ತಿ ಬಿಟ್ಟು, ನಿಲ್ಲುವ ಮುನ್ನ ಉಳಿದದ್ದನ್ನೆಲ್ಲ ಸುರಿದುಬಿಡುತ್ತದೆ. ಅದರಾಚೆ ಹೆಚ್ಚುಕಡಿಮೆ ಏನೂ ಹೋಗುವುದಿಲ್ಲ. ಕಣಗಳ ಈ ಗುಣವನ್ನು ವಿಲಿಯಂ ಹೆನ್ರಿ ಬ್ರ್ಯಾಗ್ 1904ರ ಸುಮಾರಿಗೆ ಕಂಡಿದ್ದರು. ಚಿಕಿತ್ಸೆಗೆ ಬಳಸಬಹುದೆಂದು ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲಿ ಸೂಚಿಸಿದರು. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಕೊಟ್ಟರು.

ಗೆಡ್ಡೆಯನ್ನು ಕೊಲ್ಲುವುದರಲ್ಲಿ ಪ್ರೋಟಾನ್ ಎಕ್ಸ್-ಕಿರಣಕ್ಕಿಂತ ಗಟ್ಟಿಯೇನಲ್ಲ, ಬದುಕುಳಿಯುವ ಪ್ರಮಾಣ ಎರಡರಲ್ಲೂ ಹತ್ತಿರ ಹತ್ತಿರ. ಲಾಭವಿರುವುದು ಉಳಿದ ಅಂಗಗಳು ಪಾರಾಗುವುದರಲ್ಲಿ. ಮೆಡುಲೋಬ್ಲಾಸ್ಟೋಮಾ ಆಗಿದ್ದ ಮಕ್ಕಳ ಬುದ್ಧಿಶಕ್ತಿಯನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರೋಟಾನ್ ಪಡೆದವರ ಫಲಿತಾಂಶ ಮೇಲಾಗಿತ್ತು. ಇನ್ನೂ ಬೆಳೆಯಬೇಕಾದ ಮಗುವಿಗೆ ಇದು ದೊಡ್ಡ ಮಾತು.

ಯಂತ್ರ ಎಲ್ಲಿದೆ, ಖರ್ಚೆಷ್ಟು

ಭಾರತದ ಮೊದಲ ಪ್ರೋಟಾನ್ ಚಿಕಿತ್ಸಾ ಕೇಂದ್ರ 2019ರ ಜನವರಿಯಲ್ಲಿ ಚೆನ್ನೈನ ಅಪೋಲೋದಲ್ಲಿ ತೆರೆಯಿತು. 2023ರಲ್ಲಿ ನವಿ ಮುಂಬೈನ ಖಾರ್‌ಘರ್‌ನಲ್ಲಿ ಟಾಟಾ ಮೆಮೋರಿಯಲ್ ಸಂಸ್ಥೆ ಸಾರ್ವಜನಿಕ ವಲಯದ ಕೇಂದ್ರ ಆರಂಭಿಸಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಮಿತಿಯಿದೆ. ಖಾಸಗಿಯಲ್ಲಿ ಪ್ರೋಟಾನ್ ಖರ್ಚು ಆ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತದೆ. ಆರು ವಾರ ಪರವೂರಿನಲ್ಲಿ ಬಾಡಿಗೆ ಕೋಣೆ, ಒಬ್ಬರ ದುಡಿಮೆ ನಿಂತ ನಷ್ಟ ಬೇರೆ. ಅಲುಗಾಡದೆ ಮಲಗಲಾರದ ಪುಟ್ಟ ಮಕ್ಕಳಿಗೆ ದಿನವೂ ಅರಿವಳಿಕೆ ಬೇಕು.

ಕಾಯಬಾರದ್ದು

ಮೆಡುಲೋಬ್ಲಾಸ್ಟೋಮಾದಲ್ಲಿ ಶಸ್ತ್ರಚಿಕಿತ್ಸೆಯಾದ 4ರಿಂದ 6 ವಾರದೊಳಗೆ ವಿಕಿರಣ ಆರಂಭವಾಗಬೇಕು. 7 ವಾರ ದಾಟಿದರೆ ಗೆಡ್ಡೆ ಮರುಕಳಿಸುವ ಅಪಾಯ ಹೆಚ್ಚು. ಪ್ರೋಟಾನ್ ಹಣಕ್ಕಾಗಿ ನಿಧಿ ಸಂಗ್ರಹಿಸುತ್ತಾ, ಹೊಲ ಮಾರಲು ಗಿರಾಕಿ ಹುಡುಕುತ್ತಾ ಈ ಗಡುವು ಕಳೆದುಕೊಳ್ಳುವುದಕ್ಕಿಂತ, ಬೆಂಗಳೂರಿನಲ್ಲೇ ಸಕಾಲಕ್ಕೆ ಸಿಗುವ ಎಕ್ಸ್-ಕಿರಣ ಚಿಕಿತ್ಸೆಯನ್ನು ಪೂರ್ತಿ ಮುಗಿಸುವುದು ಎಷ್ಟೋ ಮೇಲು. ಹಾಗೆ ಮಾಡಿದ ತಾಯಿತಂದೆ ಮಗುವಿಗೆ ಕಡಿಮೆ ಚಿಕಿತ್ಸೆ ಕೊಡಿಸಿದೆವೆಂದು ಕೊರಗಬೇಕಾಗಿಲ್ಲ. ಮೆದುಳುಕಾಂಡದೊಳಗೇ ಹರಡಿಕೊಂಡು ಬೆಳೆಯುವ ಗ್ಲಿಯೋಮಾಕ್ಕಂತೂ ಪ್ರೋಟಾನ್‌ನಿಂದ ಹೆಚ್ಚಿನ ಪ್ರಯೋಜನ ಕಂಡಿಲ್ಲ. ಅದಕ್ಕಾಗಿ ಸಾಲ ಮಾಡುವ ಮುನ್ನ ವೈದ್ಯರನ್ನು ನೇರವಾಗಿ ಕೇಳಬೇಕು.

ಗುಣವಾದ ಮೇಲೆ

ಎತ್ತರ ಕುಂಠಿತವಾಗಬಹುದು, ಥೈರಾಯ್ಡ್ ಸೊರಗಬಹುದು. ಕಿಮೋಥೆರಪಿಯಲ್ಲಿ ಕೊಡುವ ಸಿಸ್‌ಪ್ಲಾಟಿನ್ ಔಷಧಿ ಮತ್ತು ವಿಕಿರಣದಿಂದ ಕಿವಿ ಮಂದವಾಗಬಹುದು. ಪಾಠ ನಿಧಾನವಾಗಿ ಹತ್ತಬಹುದು; ಅಂಥ ಮಗುವನ್ನು ಸೋಮಾರಿ ಎನ್ನದೆ ಮುಂದಿನ ಬೆಂಚಿನಲ್ಲಿ ಕೂರಿಸಿ, ಬರೆಯಲು ಹೆಚ್ಚು ಹೊತ್ತು ಕೊಡುವಂತೆ ಶಾಲೆಯ ಮೇಷ್ಟ್ರಿಗೆ ಹೇಳಬೇಕು. ವರ್ಷಕ್ಕೊಮ್ಮೆಯಾದರೂ ಹಾರ್ಮೋನು ಮತ್ತು ಕಿವಿಯ ಪರೀಕ್ಷೆ, ವೈದ್ಯರು ಹೇಳಿದಾಗ ಎಂಆರ್‌ಐ ತಪ್ಪಬಾರದು. ಎಷ್ಟು ಗ್ರೇ ವಿಕಿರಣ, ಯಾವ ಭಾಗಕ್ಕೆ, ಯಾವ ಔಷಧಿ ಎಷ್ಟು ಎಂಬ ಆಸ್ಪತ್ರೆಯ ಚೀಟಿಯನ್ನು ರೇಷನ್ ಕಾರ್ಡಿನ ಜೊತೆಗೇ ಎತ್ತಿಡಬೇಕು. ಇಪ್ಪತ್ತು ವರ್ಷದ ನಂತರ ಬೇರಾವುದೋ ಕಾಯಿಲೆಗೆ ನೋಡುವ ವೈದ್ಯರಿಗೂ ಆ ಲೆಕ್ಕ ಬೇಕಾಗುತ್ತದೆ.