ಹಲ್ಲಿನ ಹುಳು: ಒಂದು ನಂಬಿಕೆಯ ಇತಿಹಾಸ

ಜನರು ಮರೆತ ನಂಬಿಕೆಗಳನ್ನು ಅವರ ಮಾತುಗಳು ಬಹುಕಾಲ ಕಾಪಾಡಿಕೊಂಡು ಬರುತ್ತವೆ. ಕೆಟ್ಟ ಹಲ್ಲನ್ನು ನಾವು ‘ಹುಳುಕುಹಲ್ಲು’ ಎನ್ನುತ್ತೇವೆ. ನಮ್ಮ ನೆರೆಯ ತೆಲುಗರು ಹುಳು ತಿಂದ ಬದನೆಕಾಯಿಗೂ ಕೆಟ್ಟ ಹಲ್ಲಿಗೂ ‘ಪುಚ್ಚು’ ಎಂಬ ಒಂದೇ ಮಾತನ್ನು ಹೇಳುತ್ತಾರೆ. ಮರಾಠಿಗರು ಹಲ್ಲಿಗೆ ‘ಕೀಡ’ ಹತ್ತಿತೆನ್ನುತ್ತಾರೆ. ಭಾಷೆಗಳು ಮೂರಾದರೂ ಭಾವನೆ ಒಂದೇ: ಹಲ್ಲಿನೊಳಗೆ ಹುಳುವೊಂದು ಕುಳಿತು ಕೊರೆಯುತ್ತಿದೆ ಎಂಬುದು. ಈ ಭಾವನೆ ಎಲ್ಲಿಂದ ಬಂದಿತು, ಹೇಗೆ ಅಳಿಯಿತು, ಅದರ ಸ್ಥಾನದಲ್ಲಿ ಯಾವ ತಿಳಿವು ನೆಲೆಗೊಂಡಿತು ಎಂಬುದನ್ನು ಇಲ್ಲಿ ಸಂಗ್ರಹವಾಗಿ ನೋಡೋಣ.

ಪ್ರಾಚೀನ ಮೆಸೊಪೊಟೇಮಿಯಾದ ಜೇಡಿಮಣ್ಣಿನ ಫಲಕಗಳಲ್ಲಿ ಹಲ್ಲುನೋವಿಗೆ ಹೇಳುವ ಮಂತ್ರವೊಂದು ದೊರೆತಿದೆ. ಅದರಂತೆ, ಕೆಸರಿನಲ್ಲಿ ಹುಟ್ಟಿದ ಹುಳುವು ದೇವತೆಗಳ ಮುಂದೆ ಅತ್ತು ಆಹಾರವನ್ನು ಬೇಡಿತು; ಅತ್ತಿಯಂಥ ಹಣ್ಣುಗಳನ್ನು ಕೊಟ್ಟರೆ ಒಲ್ಲದೆ, ಮನುಷ್ಯನ ಹಲ್ಲು ಒಸಡುಗಳ ನಡುವೆ ವಾಸವನ್ನು ಕೇಳಿತು. ನಮ್ಮ ಸುಶ್ರುತಸಂಹಿತೆಯೂ ಈ ರೋಗವನ್ನು ‘ಕೃಮಿದಂತಕ’ವೆಂದು ಕರೆದು, ಹಲ್ಲು ಕಪ್ಪಾಗುವುದು, ತೂತು ಬೀಳುವುದು, ಅಲುಗುವುದು, ಬಹಳವಾಗಿ ನೋಯುವುದು ಎಂಬ ಲಕ್ಷಣಗಳನ್ನು ಹೇಳುತ್ತದೆ. ಕಾರಣ ತಪ್ಪಾಗಿದ್ದರೂ ಲಕ್ಷಣಗಳು ಕಣ್ಣಾರೆ ಕಂಡವರು ಹೇಳಿದಂತಿವೆ. ನಂಬಿಕೆಯಿದ್ದೆಡೆ ವಂಚನೆಯೂ ಇರುವುದು ಸಹಜ. ಹಲ್ಲಿನ ಹುಳು ತೆಗೆಯುವೆವೆನ್ನುವ ಕಪಟಿಗಳು ತಂತಿವಾದ್ಯದ ಎಳೆಗಳನ್ನು ನೀರಿನಲ್ಲಿ ಹಾಕಿ, ಇವೇ ಹುಳುಗಳೆಂದು ತೋರಿಸುತ್ತಿದ್ದುದನ್ನು ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರಲ್ಲಿಯೇ ಬಯಲಿಗೆಳೆದಿದ್ದನು.

ಈ ಕತ್ತಲೆಯಲ್ಲಿ ಮೊದಲ ಕಿರಣ ಹಾಲೆಂಡಿನಿಂದ ಬಂದಿತು. ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಮಸೂರಗಳನ್ನು ಉಜ್ಜಿ ಸೂಕ್ಷ್ಮದರ್ಶಕವನ್ನು ಮಾಡಿಕೊಂಡು, ಹಲ್ಲಿನ ಮೇಲಿನ ಬಿಳಿಯ ಪಾಚಿಯನ್ನು ಪರೀಕ್ಷಿಸಿದನು. ಅದರಲ್ಲಿ ಓಡಾಡುವ ಅಣುಜೀವಿಗಳನ್ನು ಕಂಡು, 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಫ್ರಾನ್ಸಿನ ಪಿಯೆರ್ ಫೋಷಾರ್ ಕೆಟ್ಟ ಹಲ್ಲುಗಳಲ್ಲಿ ಹುಳುವನ್ನು ಹುಡುಕಿ ಕಾಣದೆ, 1728ರ ತನ್ನ ಗ್ರಂಥದಲ್ಲಿ ಆ ನಂಬಿಕೆಯನ್ನು ಅಲ್ಲಗಳೆದನು. ಸಕ್ಕರೆಯ ತಿನಿಸುಗಳು ಹಲ್ಲಿಗೆ ಕೇಡೆಂದೂ ಎಚ್ಚರಿಸಿದನು. ಆದರೆ ಅಣುಜೀವಿಗೂ ಸಕ್ಕರೆಗೂ ಇರುವ ನಂಟನ್ನು ತೋರಿಸಿದವನು, ಬರ್ಲಿನ್ನಿನಲ್ಲಿದ್ದ ಅಮೆರಿಕದ ಮಿಲ್ಲರ್. ಕಿತ್ತ ಹಲ್ಲುಗಳನ್ನು ಎಂಜಲು ಮತ್ತು ರೊಟ್ಟಿಯ ಮಿಶ್ರಣದಲ್ಲಿ ಬೆಚ್ಚಗಿರಿಸಿದಾಗ ಆಮ್ಲ ಹುಟ್ಟಿ ಹಲ್ಲು ಮೆತ್ತಗಾಯಿತು; ಮಾಂಸವನ್ನು ಬೆರೆಸಿದಾಗ ಹಾಗಾಗಲಿಲ್ಲ. 1890ರಲ್ಲಿ ಅವನ ಗ್ರಂಥವು ಪ್ರಕಟವಾಯಿತು.

ಹಲ್ಲು ಕೆಡುವ ಕ್ರಮ ಹೀಗಿದೆ. ಹಲ್ಲಿಗಂಟಿದ ಪಾಚಿಯಲ್ಲಿನ ಅಣುಜೀವಿಗಳು ನಾವು ತಿಂದ ಸಕ್ಕರೆ, ಬೆಲ್ಲ, ಹಿಟ್ಟಿನ ಪದಾರ್ಥಗಳನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲವು ಹಲ್ಲಿನ ಹೊರಕವಚದ ಸುಣ್ಣದಂಶವನ್ನು ಕರಗಿಸುತ್ತದೆ. ಸಿಹಿ ಸೋಕಿದ ಕೆಲವೇ ನಿಮಿಷಗಳಲ್ಲಿ ಆಮ್ಲವೇರಿ, ಇಳಿಯಲು ಅರ್ಧ ಗಂಟೆಗೂ ಮಿಕ್ಕಿ ಬೇಕಾಗುವುದೆಂದು 1940ರ ದಶಕದಲ್ಲಿ ಸ್ಟೀಫನ್ ತೋರಿಸಿದನು. ಆ ಬಳಿಕ ಎಂಜಲು ಸುಣ್ಣದಂಶವನ್ನು ಮರಳಿ ತುಂಬುತ್ತದೆ. ದಿನವಿಡೀ ಮೆಲ್ಲುತ್ತಿದ್ದರೆ ತುಂಬಲು ಬಿಡುವೇ ಇರುವುದಿಲ್ಲ. ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ ನಡೆದ ಪ್ರಯೋಗವೂ ಇದನ್ನೇ ಸ್ಥಾಪಿಸಿತು: ಊಟದೊಂದಿಗೆ ತಿಂದ ಸಕ್ಕರೆಗಿಂತ, ಊಟಗಳ ನಡುವೆ ತಿಂದ ಅಂಟುಮಿಠಾಯಿಯಿಂದ ಹಾನಿ ಬಹಳ ಹೆಚ್ಚು. ಆದರೆ ಆ ಪ್ರಯೋಗಕ್ಕೊಳಗಾದವರು ಒಪ್ಪಿಗೆ ಕೊಡಲಾರದ ಬುದ್ಧಿಮಾಂದ್ಯರು. ನಮಗೆ ದೊರೆತ ಈ ತಿಳಿವಿಗೆ ಅವರ ಹಲ್ಲುಗಳು ಬೆಲೆ ತೆತ್ತವೆಂಬುದನ್ನು ಮರೆಯಲಾಗದು.

ರೋಗನಿದಾನಕ್ಕೂ ಇತಿಹಾಸವುಂಟು. ರಾಂಟ್‌ಜನ್ 1895ರ ಕೊನೆಯಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದನು; ಜರ್ಮನಿಯ ವಾಲ್ಕಾಫ್ 1896ರ ಜನವರಿಯಲ್ಲಿಯೇ ತನ್ನ ಬಾಯಿಗೆ ಇಪ್ಪತ್ತೈದು ನಿಮಿಷ ಆ ಕಿರಣವನ್ನು ಹಾಯಿಸಿ ಹಲ್ಲಿನ ಚಿತ್ರವನ್ನು ತೆಗೆದನು. ಇಂದು ಅದು ಕ್ಷಣಮಾತ್ರದ ಕೆಲಸ. ಎರಡು ಹಲ್ಲುಗಳ ಸಂದಿನಲ್ಲಡಗಿದ ಕುಳಿ ಕಣ್ಣಿಗೆ ಕಾಣದಿದ್ದರೂ ಚಿತ್ರದಲ್ಲಿ ಕಾಣುತ್ತದೆ. ಹೊರಕವಚದಲ್ಲಿ ನರವಿಲ್ಲದ ಕಾರಣ ಆರಂಭದಲ್ಲಿ ನೋವಿರುವುದಿಲ್ಲ. ಒರೆಸಿ ಒಣಗಿಸಿದ ಹಲ್ಲಿನ ಮೇಲೆ ಸೀಮೆಸುಣ್ಣದಂಥ ಬಿಳಿ ಮಚ್ಚೆಯಷ್ಟೇ ಅದರ ಗುರುತು. ಆ ಹಂತದಲ್ಲಿ ಕೇಡನ್ನು ತಡೆದು ನಿಲ್ಲಿಸಬಹುದು. ನೋವು ಬರಲೆಂದು ಕಾಯುವವರು ಈ ಅವಕಾಶವನ್ನು ಕಳೆದುಕೊಳ್ಳುತ್ತಾರೆ.

ಮಚ್ಚೆಯೆಂದೊಡನೆ ನಮ್ಮ ಸೀಮೆಯ ನೀರಿನ ಮಾತನ್ನೂ ಹೇಳಬೇಕು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನವರ ಹಲ್ಲಿನ ಕಂದು ಕಲೆಗಳನ್ನು 1901ರಲ್ಲಿ ಮೆಕೇ ಎಂಬ ದಂತವೈದ್ಯನು ಗಮನಿಸಿದನು. ಅದಕ್ಕೆ ನೀರಿನಲ್ಲಿರುವ ಫ್ಲೋರೈಡ್ ಕಾರಣವೆಂದು 1931ರಲ್ಲಿ ತಿಳಿಯಿತು. ಆ ಹಲ್ಲುಗಳು ಹುಳುಕುವುದು ಕಡಿಮೆಯೆಂದು ಕಂಡುಬಂದುದರಿಂದ, 1945ರಲ್ಲಿ ಗ್ರಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಅಳತೆಯಲ್ಲಿ ಫ್ಲೋರೈಡನ್ನು ಬೆರೆಸಲಾರಂಭಿಸಿದರು. ನಮ್ಮ ರಾಯದುರ್ಗ, ಮಡಕಶಿರಾಗಳನ್ನೊಳಗೊಂಡ ಹಳೆಯ ಅನಂತಪುರ ಜಿಲ್ಲೆಯ ಕಥೆ ಇದಕ್ಕೆ ವಿರುದ್ಧ. ಇಲ್ಲಿ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತಾನಾಗಿಯೇ ಅತಿಯಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕುದಲ್ಲ. ಎಳವೆಯಲ್ಲಿ ಅಂಥ ನೀರನ್ನು ಕುಡಿದ ಮಕ್ಕಳ ಹಲ್ಲುಗಳಲ್ಲಿ ಬಿಳಿ ಪಟ್ಟೆ, ಕಂದು ಕಲೆಗಳು ಮೂಡುತ್ತವೆ. ಬಹುಕಾಲ ಕುಡಿದರೆ ಮೂಳೆಗೂ ಕೇಡು. ಈ ಕಲೆಯನ್ನು ಹುಳುಕೆಂದು ತಿಳಿದು ಮಕ್ಕಳನ್ನು ಹಳಿಯುವುದಾಗಲಿ, ಇಟ್ಟಿಗೆ ಪುಡಿಯಿಂದ ತಿಕ್ಕಿಸುವುದಾಗಲಿ ಸಲ್ಲದು. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ; ನೀರಿನ ದೋಷಕ್ಕೆ ಮಗು ಹೊಣೆಯೂ ಅಲ್ಲ. ಮೊದಲು ಬಾವಿಯ ನೀರನ್ನು ಪರೀಕ್ಷಿಸಬೇಕು.

ಇನ್ನು ತಡೆಯುವ ಬಗೆ. ಬೇವು, ಹೊಂಗೆಗಳ ಕಡ್ಡಿಯಿಂದ ಹಲ್ಲುಜ್ಜುವುದನ್ನು ಸುಶ್ರುತನು ವಿಧಿಸಿದ್ದಾನೆ. ನಿತ್ಯವೂ ಪಾಚಿಯನ್ನು ತೆಗೆಯಬೇಕೆಂಬ ಆ ನಿಯಮಕ್ಕೆ ಇಂದಿಗೂ ಬೆಲೆಯಿದೆ. ಬೆಳಿಗ್ಗೆ ಒಮ್ಮೆ, ಮಲಗುವ ಮುನ್ನ ತಪ್ಪದೆ ಒಮ್ಮೆ, ಫ್ಲೋರೈಡುಳ್ಳ ಪೇಸ್ಟಿನಿಂದ ಉಜ್ಜಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ನುಂಗದೆ ಉಗುಳಲು ಕಲಿಸಬೇಕು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನವರು ದಂತವೈದ್ಯರನ್ನು ಕೇಳಿ ನಡೆಯುವುದು ಲೇಸು. ಸಿಹಿಯನ್ನು ಊಟದೊಡನೆ ಮುಗಿಸಬೇಕು. ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಬಾರದು. ನೋವಿಲ್ಲದಾಗಲೇ ಹಲ್ಲುಗಳನ್ನು ತೋರಿಸಿಕೊಳ್ಳಬೇಕು.

‘ಹುಳುಕುಹಲ್ಲು’ ಎಂಬ ಹಳೆಯ ನುಡಿಯನ್ನು ನಾವು ಬಿಡಬೇಕಾಗಿಲ್ಲ. ಅದು ನಮ್ಮ ಹಿರಿಯರ ಆಸ್ತಿ, ಗಡಿಯೀಚೆಗೂ ಉಳಿಸಿಕೊಂಡು ಬಂದದ್ದು. ಆ ನುಡಿಯನ್ನು ಮಕ್ಕಳಿಗೆ ಕಲಿಸುವಾಗ, ಅಲ್ಲಿ ಹುಳುವಿಲ್ಲವೆಂಬ ತಿಳಿವನ್ನೂ ಜೊತೆಗೆ ಕೊಟ್ಟರೆ ನಮ್ಮ ಕರ್ತವ್ಯ ಸಂದಂತಾಗುವುದು.