ನೀರಿನ ದರ, ನಿಲ್ದಾಣದ ಗೇಣಿ

ತೆರಿಗೆ ಎಂಬ ನಮ್ಮ ಮಾತು ‘ತೆರು’ ಎಂಬ ಅಚ್ಚಗನ್ನಡ ಧಾತುವಿನಿಂದ ಹುಟ್ಟಿದುದು. ಸುಂಕವು ಸಂಸ್ಕೃತದ ಶುಲ್ಕದ ತದ್ಭವ. ದರ ಎಂಬುದು ಹಿಂದುಸ್ತಾನಿಯ ದಾರಿಯಾಗಿ ನಮ್ಮಲ್ಲಿಗೆ ಬಂದ ಶಬ್ದ. ಶಬ್ದದ ಹುಟ್ಟನ್ನು ನಿಘಂಟು ಹೇಳುತ್ತದೆ. ದರವನ್ನು ಗೊತ್ತುಮಾಡಿದವರು ಯಾರು ಎಂಬುದನ್ನು ಅದು ಹೇಳಲಾರದು. ಪುತ್ತೂರು, ಸುಳ್ಯ, ಕಡಬಗಳ ನಿವಾಸಿಗಳಾದ ನಾವು ನಲ್ಲಿಯ ನೀರಿಗೆ ಹಣ ತೆರುತ್ತೇವೆ, ವಿದ್ಯುತ್ತಿಗೆ ತೆರುತ್ತೇವೆ, ಮಕ್ಕಳನ್ನು ಕಾಣಲು ಮುಂಬಯಿಗೋ ದುಬಾಯಿಗೋ ಹೊರಟರೆ ವಿಮಾನನಿಲ್ದಾಣಕ್ಕೂ ತೆರುತ್ತೇವೆ. ಈ ಮೂರು ಮೊತ್ತಗಳನ್ನು ನಿಶ್ಚಯಿಸುವ ಕೈಗಳು ಬೇರೆ ಬೇರೆ. ಅವು ನಮ್ಮ ಹೊಸ್ತಿಲಿನಿಂದ ಎಷ್ಟು ದೂರ ಸರಿದವು ಎಂಬುದನ್ನು ಸ್ವಲ್ಪ ನೋಡೋಣ.

ಹಿಂದೆ ಈ ದೂರವೇ ಇರಲಿಲ್ಲ. ಮಳೆಗಾಲ ಕಳೆದು ತೋಡಿನ ನೀರು ಇಳಿಯತೊಡಗಿದಾಗ ಊರವರು ಸೇರಿ ಕಟ್ಟ ಹಾಕುತ್ತಿದ್ದರು. ಕಲ್ಲು, ಮಣ್ಣು, ಸೊಪ್ಪು ಇಷ್ಟೇ ಅದರ ಸಾಮಗ್ರಿ. ಯಾರ ತೋಟಕ್ಕೆ ಎಷ್ಟು ನೀರು ಹೋಗುವುದೋ ಅದಕ್ಕೆ ತಕ್ಕಂತೆ ಆ ಮನೆಯ ಆಳು. ತಕರಾರು ಎದ್ದರೆ ಮೊಣಕಾಲುಮಟ್ಟದ ನೀರಿನಲ್ಲಿ ನಿಂತೇ ತೀರ್ಮಾನ. ಆ ತೀರ್ಮಾನಗಳೆಲ್ಲ ನ್ಯಾಯವಾಗಿದ್ದವೆಂದು ನಾನು ಹೇಳುವುದಿಲ್ಲ. ದೊಡ್ಡ ತೋಟದವರ ಮಾತಿಗೆ ತೂಕ ಹೆಚ್ಚಾಗಿಯೇ ಇತ್ತು. ಆದರೆ ಗೊತ್ತುಮಾಡಿದವರ ಮುಖ ಎಲ್ಲರಿಗೂ ಕಾಣುತ್ತಿತ್ತು.

ಕಾಗದದ ಮೇಲಿನ ದರ ಬಂದುದು ಮದರಾಸು ಸರಕಾರದೊಡನೆ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಹೋಯಿತು, ನಮ್ಮ ಜಿಲ್ಲೆ ಮದರಾಸಿನಲ್ಲೇ ಉಳಿಯಿತು. 1865ರ ಪಟ್ಟಣ ಸುಧಾರಣಾ ಕಾಯಿದೆಯ ಮೇರೆಗೆ ಮರುವರ್ಷವೇ ಮಂಗಳೂರಿಗೆ ಪುರಸಭೆ ದೊರಕಿತು. ರಿಪ್ಪನ್ ಪ್ರಭುವಿನ 1882ರ ನಿರ್ಣಯದ ತರುವಾಯ, 1884ರಲ್ಲಿ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳ ಕಾಯಿದೆಯಾಯಿತು. ಆಗ ನಮ್ಮದು ಉಪ್ಪಿನಂಗಡಿ ತಾಲೂಕು. ಕಚೇರಿ ಮಾತ್ರ ಪುತ್ತೂರಿನಲ್ಲಿ. ಬೋರ್ಡಿನ ಸೂತ್ರ ಬಹುಕಾಲ ಕಲೆಕ್ಟರರ ಕೈಯಲ್ಲೇ ಇತ್ತು. ತಾಲೂಕು ಬೋರ್ಡುಗಳು 1934ರಲ್ಲಿ ರದ್ದಾದವು.

ಇವುಗಳಲ್ಲೆಲ್ಲ ನನಗೆ ಮುಖ್ಯವಾಗಿ ಕಾಣುವುದು 1920ರ ಮದರಾಸು ಪುರಸಭಾ ಕಾಯಿದೆಯ ಒಂದು ಸಣ್ಣ ಷರತ್ತು. ಆ ಕಾಯಿದೆಯಲ್ಲಿ ಮನೆತೆರಿಗೆಯ ಒಳಗೇ ನೀರಿನದು, ದೀಪದ್ದು ಎಂಬ ಭಾಗಗಳಿದ್ದವು. ಹೊಸ ತೆರಿಗೆ ಹಾಕುವ ಮೊದಲು, ಇದ್ದುದನ್ನು ಏರಿಸುವ ಮೊದಲು, ಪುರಸಭೆಯು ತನ್ನ ಉದ್ದೇಶವನ್ನು ಪ್ರಕಟಿಸಬೇಕು. ಜನರು ಆಕ್ಷೇಪಣೆ ಸಲ್ಲಿಸಲು ಒಂದು ತಿಂಗಳಿಗೆ ಕಡಿಮೆಯಿಲ್ಲದ ಅವಧಿ ಕೊಡಬೇಕು. ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಪರಕೀಯರ ಆಳ್ವಿಕೆಯ ಕಾಯಿದೆ ನಿಜ. ಆದರೂ ಮನೆಯೊಡೆಯನ ಬಾಯಿಗೆ ಅದು ಒಂದು ತಿಂಗಳ ಕಾಲಾವಕಾಶ ಕೊಟ್ಟಿತು. ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಆ ರಾಜ್ಯದ 1964ರ ಪುರಸಭಾ ಕಾಯಿದೆಯಲ್ಲೂ ಆಕ್ಷೇಪಣೆಯ ಅವಕಾಶ ಉಳಿದುಬಂತು.

ಇಂದು ಪುತ್ತೂರಿನ ನಲ್ಲಿಗಳಿಗೆ ನೀರು ಬರುವುದು ನೆಕ್ಕಿಲಾಡಿಯಲ್ಲಿ ಕುಮಾರಧಾರೆಯಿಂದ, ಸುಳ್ಯಕ್ಕೆ ಪಯಸ್ವಿನಿಯಿಂದ. ಪಯಸ್ವಿನಿಗೆ ಬೇಸಗೆಯಲ್ಲಿ ಮರಳಿನ ಚೀಲಗಳ ಕಟ್ಟ ಹಾಕುತ್ತಿದ್ದುದನ್ನು ನೋಡಿದವರಿಗೆ ನಮ್ಮ ಹಿರಿಯರ ಸೊಪ್ಪುಮಣ್ಣಿನ ಕಟ್ಟ ನೆನಪಾಗದೆ ಇರದು. ನೀರು ಸರಬರಾಜು ಪಟ್ಟಣದ ಸಂಸ್ಥೆಗಳ ಕೆಲಸವೆಂದು 1992ರಲ್ಲಿ ಅಂಗೀಕೃತವಾದ ಸಂವಿಧಾನದ 74ನೆಯ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯಲ್ಲಿ ಬರೆದಿಟ್ಟಿದೆ. ದೀಪದ ದರವಾದರೋ ಪುರಸಭೆಯ ಕೈಯಿಂದ ಎಂದೋ ಜಾರಿತು. 1999ರ ಕಾಯಿದೆಯ ಮೇರೆಗೆ ಸ್ಥಾಪಿತವಾದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೇ ಅದನ್ನು ನಿಶ್ಚಯಿಸುತ್ತದೆ. ಆದರೂ ಮೆಸ್ಕಾಂ ದರ ಏರಿಕೆ ಕೇಳಿದಾಗ ಆಯೋಗವು ಮಂಗಳೂರಿಗೆ ಬಂದು ಬಹಿರಂಗ ವಿಚಾರಣೆ ನಡೆಸುವುದುಂಟು. ಕೃಷಿಕರು ಎದ್ದುನಿಂತು ತಮ್ಮ ಪಂಪುಸೆಟ್ಟಿನ ಕಷ್ಟವನ್ನು ಕನ್ನಡದಲ್ಲೇ ಹೇಳುವುದುಂಟು.

ಇನ್ನು ವಿಮಾನನಿಲ್ದಾಣ. ಬಜಪೆಯ ಕೆಂಜಾರು ಗುಡ್ಡದ ಮೇಲಿನ ಈ ನಿಲ್ದಾಣದಲ್ಲಿ 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದುದೇ ಆರಂಭೋತ್ಸವ. ವಿಮಾನನಿಲ್ದಾಣಗಳು ಸಂವಿಧಾನದಲ್ಲಿ ಕೇಂದ್ರದ ಪಟ್ಟಿಗೆ ಸೇರಿದವು. 2018ರ ನವೆಂಬರಿನಲ್ಲಿ ಕೇಂದ್ರ ಸಂಪುಟವು ಆರು ನಿಲ್ದಾಣಗಳನ್ನು ಗುತ್ತಿಗೆಗೆ ಕೊಡಲು ನಿಶ್ಚಯಿಸಿತು, ಮಂಗಳೂರು ಅವುಗಳಲ್ಲೊಂದು. ಮರುವರ್ಷ ಫೆಬ್ರವರಿಯಲ್ಲಿ ಬಿಡ್ಡುಗಳನ್ನು ತೆರೆದಾಗ ಅದಾನಿ ಸಂಸ್ಥೆಯದೇ ಮೇಲುಗೈ. ಅವಧಿ 50 ವರ್ಷ. ಮಂಗಳೂರಿಗೆ ಪ್ರಯಾಣಿಕನ ತಲೆಯೊಂದಕ್ಕೆ 115 ರೂಪಾಯಿ. 2020ರ ಅಕ್ಟೋಬರ್ 31ರಂದು ಹಸ್ತಾಂತರವಾಯಿತು.

ಪತ್ರಿಕೆಗಳು ಇದನ್ನು ಗುತ್ತಿಗೆ ಎಂದವು. ನಮ್ಮ ಜಿಲ್ಲೆಯವರ ಕಿವಿಗೆ ಇದು ಗೇಣಿ. ಚಾಲಗೇಣಿಯ ಒಕ್ಕಲನ್ನು ಧಣಿ ಬಿಡಿಸಬಹುದಿತ್ತು, ಗೇಣಿಯನ್ನು ಏರಿಸಬಹುದಿತ್ತು. ಮೂಲಗೇಣಿಯದು ಶಾಶ್ವತ ಹಕ್ಕು, ನಿಶ್ಚಿತ ಗೇಣಿ. ಇವೆರಡರ ನಡುವೆ ಇಂತಿಷ್ಟು ವರ್ಷಕ್ಕೆಂದು ಕೊಡುವ ವಾಯಿದೆ ಗೇಣಿಯೂ ಇತ್ತು. ಭೂಸುಧಾರಣೆಯು 1974ರಲ್ಲಿ ಕೃಷಿಭೂಮಿಯ ಗೇಣಿಯನ್ನೆಲ್ಲ ಕೊನೆಗಾಣಿಸಿತು. ನಿಲ್ದಾಣವನ್ನು ಕೊಟ್ಟಿರುವುದು ವಾಯಿದೆ ಗೇಣಿಗೆಂದೇ ಹೇಳಬೇಕು. ವ್ಯತ್ಯಾಸ ಒಂದುಂಟು. ಹಳೆಯ ಗೇಣಿಯ ಅಕ್ಕಿಮುಡಿಯನ್ನು ಒಕ್ಕಲು ತನ್ನ ಬೆಳೆಯಿಂದ ಅಳೆಯುತ್ತಿದ್ದ. ಇಲ್ಲಿ ಪ್ರಯಾಣಿಕನ ತಲೆಯೇ ಅಳತೆ, ಆ ಹಣ ಸೇರುವುದು ದೆಹಲಿಯ ವಿಮಾನನಿಲ್ದಾಣ ಪ್ರಾಧಿಕಾರಕ್ಕೆ.

ಪ್ರಯಾಣಿಕನು ತನ್ನ ಕೈಯಿಂದ ಕೊಡುವ ಬಳಕೆದಾರ ಶುಲ್ಕ ಬೇರೆಯೇ. ಅದನ್ನು ನಿಶ್ಚಯಿಸುವುದು 2008ರ ಕಾಯಿದೆಯಿಂದ ಹುಟ್ಟಿದ ಇನ್ನೊಂದು ಪ್ರಾಧಿಕಾರ. ಅದೂ ಅಭಿಪ್ರಾಯ ಕೇಳುತ್ತದೆ, ಇಲ್ಲವೆನ್ನಲಾಗದು. ಆದರೆ ದಪ್ಪನೆಯ ಇಂಗ್ಲಿಷ್ ಸಮಾಲೋಚನಾ ಪತ್ರಕ್ಕೆ ಕಡಬದ ಅಡಿಕೆ ಬೆಳೆಗಾರನು ಉತ್ತರ ಬರೆದಾನೆಯೇ? 2023ರಲ್ಲಿ ಶುಲ್ಕ ಏರಿತು. ಹೊರಡುವವರಲ್ಲದೆ ಬಂದಿಳಿಯುವವರೂ ತೆರಬೇಕಾಯಿತು.

ಕೇಳಿದ್ದರೆ ಏನಾಗುತ್ತಿತ್ತು ಎನ್ನುವವರಿಗೆ ನೆರೆಯ ಕೇರಳದ ಉದಾಹರಣೆ ಇದೆ. ತಿರುವನಂತಪುರದ ನಿಲ್ದಾಣಕ್ಕೆ ಆ ರಾಜ್ಯವು ತನ್ನ ಕೈಗಾರಿಕಾ ಅಭಿವೃದ್ಧಿ ನಿಗಮದ ಮೂಲಕ ತಾನೇ 135 ರೂಪಾಯಿಗೆ ಬಿಡ್ಡು ಹಾಕಿತು, 168 ರೂಪಾಯಿಯ ಎದುರು ಸೋತಿತು; 2020ರ ಆಗಸ್ಟಿನಲ್ಲಿ ವಿಧಾನಸಭೆ ಒಮ್ಮತದಿಂದ ವಿರೋಧದ ನಿರ್ಣಯ ಮಾಡಿತು; ಹೈಕೋರ್ಟಿಗೂ ಹೋಯಿತು. ಮರುವರ್ಷದ ಅಕ್ಟೋಬರಿನಲ್ಲಿ ಆ ನಿಲ್ದಾಣವೂ ಕೈಬದಲಾಯಿತು. ಅವರು ಗೆಲ್ಲಲಿಲ್ಲ. ಆದರೆ ಅವರ ಆಕ್ಷೇಪಣೆ ದಾಖಲೆಯಲ್ಲಿ ಉಳಿದಿದೆ.

ನಮ್ಮ ಪೇಟೆಗಳ ಸ್ಥಿತಿ ಆಗ ಹೇಗಿತ್ತು? ಪುತ್ತೂರು ನಗರಸಭೆಗೆ 2018ರ ಆಗಸ್ಟಿನಲ್ಲಿ ಚುನಾವಣೆ ನಡೆಯಿತು, ಸುಳ್ಯ ಪಟ್ಟಣ ಪಂಚಾಯತಿಗೆ 2019ರ ಮೇ ತಿಂಗಳಲ್ಲಿ. ಗೆದ್ದವರು ಗೆದ್ದರು, ಅಧ್ಯಕ್ಷ ಸ್ಥಾನಗಳ ಮೀಸಲಾತಿಯ ವ್ಯಾಜ್ಯ ರಾಜ್ಯವ್ಯಾಪಿಯಾಗಿ ನ್ಯಾಯಾಲಯದಲ್ಲಿ ಸಿಲುಕಿತು. ನಿಲ್ದಾಣ ಹಸ್ತಾಂತರವಾಗುವ ದಿನಗಳು ಸಮೀಪಿಸುವವರೆಗೂ ಸದಸ್ಯರಿದ್ದರು, ಅಧ್ಯಕ್ಷರಿರಲಿಲ್ಲ. ಆಡಳಿತಾಧಿಕಾರಿಯ ರುಜುವಿನಿಂದಲೇ ಕೆಲಸ ನಡೆಯಿತು. ದೂರದ ದೆಹಲಿಯನ್ನು ದೂರುವ ಮುಂಚೆ ಇದನ್ನೂ ನೆನೆಯಬೇಕು. ನಮ್ಮದೇ ಆದ ನೀರಿನ ದರವನ್ನು ಚರ್ಚಿಸುವ ಸಭೆಯ ಕುರ್ಚಿಯೇ ಬರಿದಾಗಿತ್ತು.

ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಕೂಡಿಸಿ ತಾಲೂಕಾದ ಕಡಬವು ಇನ್ನೂ ಹೆಚ್ಚು ಕಾಯಬೇಕಾಯಿತು. ಗ್ರಾಮಪಂಚಾಯತಿ ಹೋಗಿ ಪಟ್ಟಣ ಪಂಚಾಯತಿ ಬಂದಮೇಲೆ ವರ್ಷಗಳವರೆಗೆ ಅಲ್ಲಿ ಚುನಾಯಿತ ಸಭೆಯೇ ಇರಲಿಲ್ಲ. ಅಲ್ಲಿನ ಮತದಾರರು ತಮ್ಮ ಪಟ್ಟಣದ ಮೊದಲ ಸದಸ್ಯರನ್ನು ಆರಿಸಿದ್ದು 2025ರ ಆಗಸ್ಟಿನಲ್ಲಿ, ಮಳೆ ಸುರಿಯುತ್ತಿದ್ದ ಕಾಲದಲ್ಲಿ.