ಮಡಿಲಿನಿಂದ ಪೀಠಕ್ಕೆ

ಕನ್ನಡದಲ್ಲಿ ‘ಮಡಿಲು’ ಎಂಬುದಕ್ಕಿಂತ ಭರವಸೆಯ ಮಾತು ಇನ್ನೊಂದು ಇರಲಾರದು. ಬಸುರಿಗೆ ಮಡಿಲು ತುಂಬುತ್ತೇವೆ. ಮಗಳನ್ನು ಕಳುಹಿಸುವಾಗ ಮಡಿಲಕ್ಕಿ ಕಟ್ಟುತ್ತೇವೆ. ಮದುವೆಯ ಮನೆಯಲ್ಲಿ ಹೆಣ್ಣು ಹೆತ್ತವರು ಬೀಗರ ಎದುರು ನಿಂತು, ‘ನಿಮ್ಮ ಮಡಿಲಿಗೆ ಹಾಕಿದ್ದೇವೆ’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಹೀಗಿರುವಾಗ, ಊರಿಂದೂರಿಗೆ ಹೋಗುವ ಗಾಡಿಯಲ್ಲಿ ಕೂಸನ್ನು ಎಲ್ಲಿ ಕೂಡಿಸಬೇಕು ಎಂಬ ಪ್ರಶ್ನೆ ನಮ್ಮ ಹಿರಿಯರಿಗೆ ಹುಟ್ಟಲೇ ಇಲ್ಲವೆಂದರೆ ಆಶ್ಚರ್ಯವಿಲ್ಲ. ತಾಯಿಯ ಮಡಿಲಿನಲ್ಲಿ, ಇಲ್ಲವೆ ಅಜ್ಜಿಯ ಮಡಿಲಿನಲ್ಲಿ, ಮತ್ತೆಲ್ಲಿ? ಆ ಉತ್ತರ ಯಾವಾಗ ಸಾಲದಾಯಿತು, ಏಕೆ ಸಾಲದಾಯಿತು, ಮಡಿಲಿನ ಜಾಗಕ್ಕೆ ಬಂದ ಪೀಠವನ್ನು ಒಂದೊಂದು ವಾಹನದಲ್ಲಿ ಹೇಗೆ ಭದ್ರಪಡಿಸಬೇಕು ಎಂಬುದು ಸಣ್ಣ ಚರಿತ್ರೆ. ಸಣ್ಣದಾದರೂ ಜೀವಕ್ಕೆ ಸಂಬಂಧಿಸಿದ್ದು.

ಈ ಚರಿತ್ರೆಯನ್ನು ನೋಡಲು ನಾನಿರುವ ರಿಚರ್ಡ್ಸ್ ಟೌನ್ ಒಳ್ಳೆಯ ಜಾಗ. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ದಂಡನ್ನು ತಂದರು. 1898ರ ಪ್ಲೇಗು ದಂಡಿನ ಕಿಕ್ಕಿರಿದ ಬೀದಿಗಳನ್ನು ನಡುಗಿಸಿದ ಮೇಲೆ, ಈಶಾನ್ಯದ ಬಯಲಿನಲ್ಲಿ ಫ್ರೇಜರ್ ಟೌನ್ ಮೊದಲಾದ ಹೊಸ ಬಡಾವಣೆಗಳು ಎದ್ದವು. ನಮ್ಮ ಬಡಾವಣೆಗೆ ಹೆಸರು ಬಂದದ್ದು ಎಫ್. ಜೆ. ರಿಚರ್ಡ್ಸ್ ಎಂಬ ಅಧಿಕಾರಿಯಿಂದ. ಸೇಲಂ ಜಿಲ್ಲೆಯ ಗೆಜೆಟಿಯರನ್ನು ಬರೆದವರೂ ಅವರೇ. 1949ರಲ್ಲಿ ದಂಡೂ ಪೇಟೆಯೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಅಷ್ಟರಲ್ಲಿ ಈ ಅಗಲವಾದ ರಸ್ತೆಗಳು ಎತ್ತಿನ ಗಾಡಿ, ಜಟಕಾ, ಸೈಕಲ್ಲು, ಮೋಟಾರು ಎಲ್ಲವನ್ನೂ ಕಂಡಿದ್ದವು. ಬೀದಿ ಅದೇ, ಅದರ ಮೇಲೆ ಹರಿದ ವೇಗ ಮಾತ್ರ ಬೇರೆಯಾಯಿತು.

ಎತ್ತಿನ ಗಾಡಿಯ ವೇಗ ಮನುಷ್ಯನ ನಡಿಗೆಯದು. ಗಾಡಿ ಹಳ್ಳಕ್ಕಿಳಿದರೆ ಕೂಸು ಹುಲ್ಲಿನ ಮೇಲೆ ಒಂದು ಮಗ್ಗುಲು ಹೊರಳೀತು, ಅಷ್ಟೆ. ಜಟಕಾದ ಕುದುರೆ ಓಡುತ್ತದೆ, ನಿಜ. ಆದರೂ ಗಾಡಿ ಕುಲುಕಿದಾಗ ಎಚ್ಚರದಲ್ಲಿರುವ ತಾಯಿ ಮಗುವನ್ನು ಅವುಚಿಕೊಂಡರೆ ಸಾಕಾಗುತ್ತಿತ್ತು. ದಂಡಿನ ಬಂಗಲೆಗಳ ಮಕ್ಕಳನ್ನು ಆಯಾಗಳು ಸಂಜೆಯ ಹೊತ್ತು ತಳ್ಳುಗಾಡಿಯಲ್ಲಿ ಕೂಡಿಸಿ ಗಾಳಿಗೆ ಕರೆತರುತ್ತಿದ್ದರು. ಆ ತಳ್ಳುಗಾಡಿಯ ಮೂಲ 1733ರದು ಎನ್ನುತ್ತಾರೆ. ಇಂಗ್ಲೆಂಡಿನ ತೋಟಗಳ ವಿನ್ಯಾಸಕಾರ ವಿಲಿಯಂ ಕೆಂಟ್ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನಾಕಾರದ ಪುಟ್ಟ ಬಂಡಿಯೊಂದನ್ನು ಮಾಡಿಕೊಟ್ಟನಂತೆ. ಅದನ್ನು ಎಳೆಯಲು ಆಡೋ ಪುಟ್ಟ ಕುದುರೆಯೋ. ತಳ್ಳುಗಾಡಿಯ ಸಂಗತಿಯಲ್ಲಿ ಗಮನಿಸತಕ್ಕದ್ದು ಒಂದುಂಟು: ಇಲ್ಲಿ ಕೂಸು ಯಾರ ಮಡಿಲಿನಲ್ಲೂ ಇಲ್ಲ. ಅದನ್ನು ಹಿಡಿದಿರುವುದು ಗಾಡಿಯೇ.

ಮೋಟಾರು ಬಂದಾಗ ಈ ಪಾಠವನ್ನು ಯಾರೂ ನೆನೆಯಲಿಲ್ಲ. ನಾನು ಹುಡುಗನಾಗಿದ್ದಾಗ, ಅಂದರೆ 1980ರ ದಶಕದಲ್ಲಿ, ಸ್ಕೂಟರಿನ ಸವಾರನ ಮುಂದೆ ಮಗು ನಿಂತು ಹ್ಯಾಂಡಲ್ಲು ಹಿಡಿಯುವುದು ಬೆಂಗಳೂರಿನ ಯಾವ ರಸ್ತೆಯಲ್ಲೂ ಕಾಣುವ ನೋಟ. ಅದಕ್ಕಿಂತ ಚಿಕ್ಕದು ಹಿಂದೆ ಕುಳಿತ ತಾಯಿಯ ತೊಡೆಯ ಮೇಲೆ. ಅಂಬಾಸಿಡರು, ಫಿಯಟ್ ಕಾರುಗಳ ಉದ್ದನೆಯ ಸೀಟಿನಲ್ಲಿ ಐವರು ಹಿರಿಯರು, ಅವರ ತೊಡೆಗಳ ಮೇಲೆ ನಾಲ್ವರು ಮಕ್ಕಳು ಧರ್ಮಸ್ಥಳಕ್ಕೂ ತಿರುಪತಿಗೂ ಹೋಗಿಬರುತ್ತಿದ್ದರು. ಆ ಸೀಟುಗಳಿಗೆ ಬೆಲ್ಟು ಇರಲಿಲ್ಲ. ಪೀಠವನ್ನು ತಂದಿದ್ದರೂ ಕಟ್ಟಲು ಆಸರೆ ಇರಲಿಲ್ಲ. ‘ಆಗ ಯಾರಿಗೂ ಏನೂ ಆಗಲಿಲ್ಲವಲ್ಲ’ ಎಂದು ಇಂದು ಕೇಳುವವರುಂಟು. ಯಾರಿಗೆ ಏನೂ ಆಗಲಿಲ್ಲವೋ ಅವರು ಮಾತ್ರ ಈ ಪ್ರಶ್ನೆ ಕೇಳಲು ಉಳಿದಿದ್ದಾರೆಂಬುದನ್ನು ಮರೆಯಬಾರದು.

ಮಡಿಲು ಎಲ್ಲಿ ಸೋಲುತ್ತದೆಂಬುದನ್ನು ತಿಳಿಯಲು ಶಾಲೆಯಲ್ಲಿ ಕಲಿತ ಲೆಕ್ಕ ಸಾಕು. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಓಡುವ ಕಾರು ಗೋಡೆಗೆ ಬಡಿದರೆ, ಒಳಗಿರುವವರಿಗೆ ತಗಲುವ ಹೊಡೆತ ಸುಮಾರು 10 ಮೀಟರು ಎತ್ತರದಿಂದ, ಎಂದರೆ ಮೂರನೆಯ ಅಂತಸ್ತಿನಿಂದ, ನೆಲಕ್ಕೆ ಬಿದ್ದಷ್ಟು. ಆ ಕಾರು ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ನಿಂತಿತೆನ್ನಿ. 10 ಕಿಲೋ ತೂಕದ ಮಗು ಆ ಕ್ಷಣದಲ್ಲಿ 140 ಕಿಲೋ ಭಾರದಂತೆ ಮುಂದಕ್ಕೆ ನುಗ್ಗುತ್ತದೆ. ಒಂದು ಕ್ವಿಂಟಾಲಿನ ಅಕ್ಕಿಮೂಟೆಯನ್ನೂ ಅದರ ಮೇಲೆ ಇನ್ನೊಂದು ಸಣ್ಣ ಮೂಟೆಯನ್ನೂ ಕೈಗಳಲ್ಲಿ ಹಿಡಿದು ನಿಲ್ಲಿಸಬಲ್ಲ ತಾಯಿ ಯಾರು? ಬೆಲ್ಟಿಲ್ಲದೆ ಕುಳಿತ ತಾಯಿಯಾದರೆ ತನ್ನ ಮೈಭಾರವನ್ನೆಲ್ಲ ಮಗುವಿನ ಮೇಲೆಯೇ ಹೇರುತ್ತಾಳೆ. ಇಲ್ಲಿ ಪ್ರೀತಿಗೆ ಕೊರತೆಯಿಲ್ಲ. ತೋಳಿಗೆ ಆ ಬಲವಿಲ್ಲ.

ಪೀಠದ ಹುಟ್ಟೂ ಈ ತಿಳಿವಿನಿಂದ ಆದದ್ದಲ್ಲವೆಂಬುದು ವಿಚಿತ್ರ. 1933ರ ಸುಮಾರಿಗೆ ಅಮೆರಿಕದಲ್ಲಿ ಬನ್ನಿ ಬೇರ್ ಎಂಬ ಕಂಪನಿ ಮಾರಿದ ಪೀಠದ ಉದ್ದೇಶ, ಮಗುವನ್ನು ಎತ್ತರಕ್ಕೆ ಕೂಡಿಸಿ ಮುಂದಿರುವ ಹೆತ್ತವರ ಕಣ್ಣಿಗೆ ಬೀಳುವಂತೆ ಮಾಡುವುದು. ಆಮೇಲಿನವು ಸೀಟಿನ ಬೆನ್ನಿಗೆ ತಗಲಿಸುವ ಕಬ್ಬಿಣದ ಕೊಕ್ಕೆಯ ಕುರ್ಚಿಗಳು. ಕೆಲವಕ್ಕೆ ಮಗು ತಿರುಗಿಸಿ ಆಡಲು ಆಟದ ಸ್ಟೀರಿಂಗು ಚಕ್ರ ಬೇರೆ. ಕಾಪಾಡುವ ಯೋಚನೆ ಬಂದದ್ದು 1962ರಲ್ಲಿ. ಅಮೆರಿಕದ ಲೆನರ್ಡ್ ರಿವ್ಕಿನ್, ಬ್ರಿಟನ್ನಿನ ಜೀನ್ ಏಮ್ಸ್ ಎಂಬ ಇಬ್ಬರು, ಒಬ್ಬರನ್ನೊಬ್ಬರು ಅರಿಯದೆಯೇ, ಮಗುವಿನ ಮೈಯನ್ನು ಪಟ್ಟಿಗಳಿಂದ ಹಿಡಿಯುವ ಪೀಠಗಳನ್ನು ರೂಪಿಸಿದರು. ಅದಕ್ಕೆ ಮೂರು ವರ್ಷ ಮುಂಚೆ, 1959ರಲ್ಲಿ, ಸ್ವೀಡನ್ನಿನ ವೋಲ್ವೋ ಕಾರುಗಳಿಗೆ ನಿಲ್ಸ್ ಬೋಲಿನ್ ಮೂರು ತುದಿಯ ಬೆಲ್ಟನ್ನು ಕೊಟ್ಟಿದ್ದ. 1964ರಲ್ಲಿ ಅದೇ ದೇಶದ ಬರ್ಟಿಲ್ ಆಲ್ಡ್‌ಮನ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಗಗನಯಾತ್ರಿಗಳು ಬೆನ್ನೊರಗಿ ಮಲಗಿ ರಾಕೆಟ್ಟಿನ ನೂಕುಬಲವನ್ನು ಇಡೀ ಬೆನ್ನಿನ ಮೇಲೆ ತಾಳುವುದನ್ನು ಕಂಡು, ಮಗುವಿನ ಪೀಠವನ್ನು ಹಿಮ್ಮುಖವಾಗಿ ತಿರುಗಿಸಿದ. ಎಳೆಗೂಸಿನ ತಲೆ ಅದರ ಉದ್ದದ ನಾಲ್ಕರಲ್ಲೊಂದು ಪಾಲು. ಕತ್ತೋ ಹೂವಿನ ತೊಟ್ಟು. ಮುಂದೆ ನೋಡುತ್ತ ಕುಳಿತರೆ ತಲೆಯ ಭಾರವೆಲ್ಲ ಆ ಕತ್ತಿನ ಮೇಲೆ. ಹಿಂದೆ ನೋಡುತ್ತ ಕುಳಿತರೆ ಹೊಡೆತ ಬೆನ್ನಿಡೀ ಹರಡಿ ಹೋಗುತ್ತದೆ.

ಕಾನೂನಿನ ಕಥೆಯಲ್ಲಿ ಮಡಿಲು ಮತ್ತೆ ತಲೆಯೆತ್ತುತ್ತದೆ. ಮಕ್ಕಳ ಪೀಠವನ್ನು ಕಡ್ಡಾಯ ಮಾಡಿದ ಅಮೆರಿಕದ ಮೊದಲ ರಾಜ್ಯ ಟೆನೆಸಿ. ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಪಟ್ಟುಹಿಡಿದದ್ದರಿಂದ 1977ರಲ್ಲಿ ಅಂಗೀಕಾರವಾದ ಆ ಕಾನೂನು 1978ರ ಜನವರಿ 1ರಿಂದ ಜಾರಿಗೆ ಬಂತು. ಆದರೆ ಶಾಸಕರು ಅದರಲ್ಲೊಂದು ಕಿಂಡಿ ಬಿಟ್ಟಿದ್ದರು: ಹಿರಿಯರ ತೋಳಿನಲ್ಲಿರುವ ಕೂಸಿಗೆ ಪೀಠ ಬೇಡ! ಯಾವುದನ್ನು ತಪ್ಪಿಸಲು ಕಾನೂನು ಹುಟ್ಟಿತೋ ಅದಕ್ಕೇ ರಿಯಾಯಿತಿ. ಆ ಕಿಂಡಿಯನ್ನು ಮುಚ್ಚಲು 1981 ಬರಬೇಕಾಯಿತು. ಮಡಿಲಿನ ಮೇಲಿನ ನಂಬಿಕೆ ನಮ್ಮೊಬ್ಬರದೇ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ. ಸರಿಯಾಗಿ ಕಟ್ಟಿದ ಪೀಠ, ಕಾರಿನಲ್ಲಿರುವ ಹಸುಳೆಗಳ ಸಾವನ್ನು ಶೇಕಡಾ 71ರಷ್ಟೂ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವನ್ನು ಶೇಕಡಾ 54ರಷ್ಟೂ ಕಡಮೆ ಮಾಡುತ್ತದೆಂದು ಆ ದೇಶದ ಹೆದ್ದಾರಿ ಸುರಕ್ಷತಾ ಇಲಾಖೆ ಲೆಕ್ಕ ಹಾಕಿದೆ.

ನಮ್ಮಲ್ಲಿ ಕಾನೂನು ಬಂದದ್ದು 2019ರಲ್ಲಿ. ಆ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194-ಬಿ ಪ್ರಕರಣದಂತೆ, 14 ವರ್ಷ ತುಂಬದ ಮಗುವನ್ನು ಬೆಲ್ಟಾಗಲಿ ಪೀಠವಾಗಲಿ ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಕಾನೂನು ಬಂದಷ್ಟು ಬೇಗ ಮನೆಯ ಹಿರಿಯರ ಮನಸ್ಸು ಬರಲಿಲ್ಲ. ಕೆಲವು ತಿಂಗಳ ಹಿಂದೆ ನನ್ನ ಅಕ್ಕನ ಮಗಳು ಎಂಟು ತಿಂಗಳ ಕೂಸಿನೊಡನೆ ನಮ್ಮಲ್ಲಿಗೆ ಬಂದಿದ್ದಳು. ಹೊರಡುವಾಗ ಕೂಸನ್ನು ಪೀಠದಲ್ಲಿಟ್ಟು ಪಟ್ಟಿ ಬಿಗಿಯುತ್ತಿದ್ದಂತೆ ನನ್ನ ತಾಯಿಗೆ ತಡೆಯಲಾಗಲಿಲ್ಲ.

“ಇದೇನೇ, ಮಗೂನ ಕರು ಕಟ್ಟಿದ ಹಾಗೆ ಕಟ್ತಿದೀಯ! ನನ್ನ ಮಡಿಲಿಲ್ವೇ?”

“ಯಶೋದೆ ಕೃಷ್ಣನ್ನ ಒರಳಿಗೆ ಕಟ್ಟಲಿಲ್ವಾ ಅಜ್ಜಿ?”

“ಕಟ್ಟಿದಳು ಕಣೇ. ಅವನು ಒರಳನ್ನೂ ಎಳಕೊಂಡು ಹೋದ, ಗೊತ್ತಿಲ್ವೇ?”

ಮೊಮ್ಮಗಳು ನಕ್ಕಳು. ಅಮ್ಮ ಮಾತಿಗೆ ಹೇಳಿದ್ದರೂ ಅದರೊಳಗೆ ಈ ವಿಷಯದ ತಿರುಳೇ ಇತ್ತು. ಭಾಗವತದ ಕಥೆಯಲ್ಲಿ ಕೂಸು ಒರಳಿಗೆ ಬಿಗಿಯಾಗಿಯೇ ಇತ್ತು. ಒರಳು ನೆಲಕ್ಕೆ ಬಿಗಿಯಾಗಿರಲಿಲ್ಲ. ಆದ್ದರಿಂದಲೇ ಅದು ಉರುಳಿ ಎರಡು ಮರಗಳನ್ನು ಕೆಡವಿತು. ನಮ್ಮ ಕಾರುಗಳಲ್ಲೂ ಪೀಠ ಕೆಲಸಕ್ಕೆ ಬಾರದಾಗುವುದು ಹೀಗೆಯೇ. ಮಗುವನ್ನು ಪೀಠಕ್ಕೆ ಕಟ್ಟಿರುತ್ತಾರೆ. ಪೀಠವನ್ನು ಕಾರಿಗೆ ಕಟ್ಟಿರುವುದಿಲ್ಲ, ಕಟ್ಟಿದ್ದರೂ ಸಡಿಲವಾಗಿ. ಗಂಟುಗಳು ಎರಡು, ಎರಡೂ ಬಿಗಿಯಾಗಿರಬೇಕು.

ಮೊದಲನೆಯ ಗಂಟು ಪೀಠಕ್ಕೂ ಕಾರಿಗೂ ನಡುವಿನದು. ಮೂರು ತುದಿಯ ಬೆಲ್ಟಿರುವ ಕಾರಿನಲ್ಲಿ, ಪೀಠದ ಮೇಲೆ ಬೆಲ್ಟು ಹಾಯಬೇಕಾದ ದಾರಿಯನ್ನು ಬಣ್ಣದಲ್ಲಿ ಗುರುತಿಸಿರುತ್ತಾರೆ: ಹಿಮ್ಮುಖದ ಪೀಠಕ್ಕೆ ಸಾಮಾನ್ಯವಾಗಿ ನೀಲಿ, ಮುಮ್ಮುಖದ್ದಕ್ಕೆ ಕೆಂಪು. ಮಂಡಿಯೂರಿ ಪೀಠವನ್ನು ಮೆತ್ತೆಯೊಳಕ್ಕೆ ಒತ್ತಿ, ಬೆಲ್ಟಿನ ಸಡಿಲನ್ನೆಲ್ಲ ಎಳೆದು ತೆಗೆಯಬೇಕು. ನಮ್ಮ ಕಾರುಗಳ ಬೆಲ್ಟು ಎಳೆದಷ್ಟೂ ಬರುವಂಥದು. ಜಗ್ಗಿದಾಗ ಮಾತ್ರ ಬಿಗಿಯುತ್ತದೆ. ಆದುದರಿಂದ ಪೀಠದಲ್ಲಿ ಬೆಲ್ಟನ್ನು ಕಚ್ಚಿ ಹಿಡಿಯುವ ಹಿಡಿಕೆಯಿದ್ದರೆ ಅದನ್ನು ಮುಚ್ಚಲು ಮರೆಯಬಾರದು. ಬಳಿಕ ಬೆಲ್ಟು ಹಾದುಹೋದ ಜಾಗದಲ್ಲಿ ಪೀಠವನ್ನು ಹಿಡಿದು ಅಲುಗಿಸಬೇಕು. ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಮತ್ತೆ ಮೊದಲಿನಿಂದ. ಯಶೋದೆಯ ಹಗ್ಗ ಎರಡಂಗುಲ ಸಾಲದೆ ಬಂತು; ಇಲ್ಲಿ ಒಂದಂಗುಲ ಹೆಚ್ಚಾದರೂ ಕೆಟ್ಟಿತು.

ಹೊಸ ಕಾರುಗಳಲ್ಲಿ ಐಸೋಫಿಕ್ಸ್ ಎಂಬ ಏರ್ಪಾಡು ಇರುತ್ತದೆ. ಬೆಲ್ಟಿನ ಈ ತೊಡಕನ್ನು ತಪ್ಪಿಸಲೆಂದೇ 1999ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾಗಿ ಬಂದದ್ದು ಅದು. ಸೀಟಿನ ಬೆನ್ನೂ ಮೆತ್ತೆಯೂ ಕೂಡುವ ಸಂದಿಯಲ್ಲಿ 28 ಸೆಂಟಿಮೀಟರು ಅಂತರದಲ್ಲಿ ಎರಡು ಕಬ್ಬಿಣದ ಕುಣಿಕೆಗಳು; ಪೀಠದ ಕೊಕ್ಕೆಗಳು ಅವಕ್ಕೆ ‘ಟಕ್’ ಎಂದು ಕಚ್ಚಿಕೊಳ್ಳಬೇಕು. ಅಷ್ಟರಿಂದಲೇ ಮುಗಿಯಲಿಲ್ಲ: ಪೀಠ ಮುಗ್ಗರಿಸದಂತೆ ಮೇಲಿನ ಪಟ್ಟಿಯನ್ನು ಸೀಟಿನ ಹಿಂದಿನ ಕೊಂಡಿಗೆ ಬಿಗಿಯಬೇಕು, ಇಲ್ಲವೆ ಆಧಾರದ ಕಾಲನ್ನು ನೆಲಕ್ಕೆ ಊರಬೇಕು. ಹಳೆಯ ಕಾರುಗಳ ಹಿಂದಿನ ಸೀಟಿನ ನಡುವೆ ಸೊಂಟಕ್ಕಷ್ಟೇ ಬರುವ ಬೆಲ್ಟಿರುವುದುಂಟು; ಬಹಳಷ್ಟು ಪೀಠಗಳು ಅದಕ್ಕೆ ಹೊಂದುವುದಿಲ್ಲ. ಜೀಪಿನ ಮಾದರಿಯ ಗಾಡಿಗಳಲ್ಲಿ ಎದುರುಬದುರಾಗಿ ಕೂರುವ ಅಡ್ಡಸೀಟು ಪೀಠಕ್ಕೆ ತಕ್ಕ ಜಾಗವೇ ಅಲ್ಲ. ಟ್ಯಾಕ್ಸಿಗಳಲ್ಲಿ ಬೆಲ್ಟು ಇದ್ದರೂ ಸೀಟಿನ ಹೊದಿಕೆ ಬಕಲನ್ನು ನುಂಗಿರುತ್ತದೆ. ಸಾಮಾನು ಏರಿಸುವ ಮೊದಲೇ ಹೊದಿಕೆ ಸರಿಸಿ ಬಕಲನ್ನು ಹೊರತೆಗೆಸುವುದು ಜಾಣತನ. ಹಿಮ್ಮುಖದ ಪೀಠವನ್ನು, ಗಾಳಿಚೀಲ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಕೂಡದು. ಚೀಲ ಸಿಡಿದರೆ ಹೊಡೆತ ನೇರವಾಗಿ ಪೀಠದ ಬೆನ್ನಿಗೆ, ಅದರ ಹಿಂದಿರುವ ತಲೆಗೆ.

ಎರಡನೆಯ ಗಂಟು ಮಗುವಿಗೂ ಪೀಠಕ್ಕೂ ನಡುವಿನದು. ಹಿಮ್ಮುಖವಾಗಿ ಕುಳಿತಾಗ ಪಟ್ಟಿಗಳು ಹೆಗಲ ಮಟ್ಟದಲ್ಲಿ ಅಥವಾ ತುಸು ಕೆಳಗಿನಿಂದ ಬರಬೇಕು. ಮುಮ್ಮುಖವಾದಾಗ ಹೆಗಲ ಮಟ್ಟ ಅಥವಾ ತುಸು ಮೇಲಿನಿಂದ. ಹೆಗಲ ಬಳಿ ಪಟ್ಟಿಯನ್ನು ಬೆರಳುಗಳಿಂದ ಚಿವುಟಿದರೆ ಮಡಿಕೆ ಸಿಗಬಾರದು. ದಪ್ಪ ಸ್ವೆಟರಿನ ಮೇಲೆ ಪಟ್ಟಿ ಹಾಕಿದರೆ ಬಿಗಿಯೆಂದು ಕಂಡರೂ ಬಿಗಿಯಲ್ಲ. ಪಟ್ಟಿ ಹಾಕಿದ ಮೇಲೆ ಶಾಲು ಹೊದಿಸಬೇಕು. ಯೂರೋಪಿನ ಈಚಿನ ನಿಯಮದಂತೆ ಮಗು ಕಡೆಯ ಪಕ್ಷ 15 ತಿಂಗಳವರೆಗೆ ಹಿಮ್ಮುಖವಾಗಿಯೇ ಕೂಡಬೇಕು.

ಇಷ್ಟೆಲ್ಲ ಕಾರಿದ್ದವರ ಮಾತಾಯಿತು. ಶಿವಾಜಿನಗರದ ದಾರಿಯಲ್ಲಿ ಒಂದರ್ಧ ಗಂಟೆ ನಿಂತರೆ ಸಾಕು, ನಮ್ಮ ಊರಿನ ಕೂಸುಗಳು ಹೆಚ್ಚಾಗಿ ಯಾವುದರಲ್ಲಿ ಹೋಗುತ್ತವೆಂಬುದು ಕಾಣುತ್ತದೆ. ಸ್ಕೂಟರಿಗೆ ಒಂದು ನಿಯಮ ಬಂದಿದೆ: 2022ರಲ್ಲಿ ಪ್ರಕಟವಾಗಿ 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ಅದರಂತೆ, ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನ ಮೈಗೆ ಪಟ್ಟಿಯಿಂದ ಕಟ್ಟಬೇಕು, ಆ ಪಟ್ಟಿ 30 ಕಿಲೋ ತಾಳುವಂತಿರಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ಟು ಬೇಕು, ವೇಗ ಗಂಟೆಗೆ 40 ಕಿಲೋಮೀಟರು ಮೀರಬಾರದು. ಇದು ಪೀಠಕ್ಕೆ ಸಮವಲ್ಲ. ಇಲ್ಲಿ ಮಗುವನ್ನು ಕಟ್ಟಿರುವುದು ವಾಹನಕ್ಕಲ್ಲ, ಸವಾರನಿಗೆ. ಅವನು ಬಿದ್ದರೆ ಅದೂ ಬಿದ್ದಂತೆ. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಆಟೋರಿಕ್ಷಾದ ಹಿಂದಿನ ಸೀಟಿನಲ್ಲಿಯಂತೂ ಬೆಲ್ಟಿಲ್ಲ, ಕುಣಿಕೆಯಿಲ್ಲ. ಎಷ್ಟು ಬೆಲೆಯ ಪೀಠವನ್ನು ತಂದರೂ ಅಲ್ಲಿ ಅದು ನೆಲಕ್ಕೆ ಬಿಗಿಯದ ಒರಳೇ.

ಆದ್ದರಿಂದ ಪೀಠ ಕೊಳ್ಳಬಲ್ಲವರು ಅದನ್ನು ಅಲುಗಿಸಿ ನೋಡಿ ಬಿಗಿಯಲಿ. ಕೊಳ್ಳಲಾರದವರ ಕೂಸನ್ನು ಆಟೋ ಯಾವುದರಿಂದ ಹಿಡಿದೀತು ಎಂಬುದು ಅದನ್ನು ಮಾಡುವವರೂ ಕಾನೂನು ಬರೆಯುವವರೂ ಉತ್ತರಿಸಬೇಕಾದ ಪ್ರಶ್ನೆ. ಆ ಉತ್ತರ ಬರುವವರೆಗೆ, ಆಟೋ ಹತ್ತಿದ ತಾಯಿಯೊಬ್ಬಳು ‘ಮೆಲ್ಲಗೆ ಹೋಗಪ್ಪ, ಮಗು ಇದೆ’ ಎಂದರೆ, ಆಟೋದವರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿ. ಗಂಟೆಗೆ 50ರ ಹೊಡೆತ 10 ಮೀಟರಿನ ಬೀಳಾದರೆ, 30ರದು ಮೂರೂವರೆ ಮೀಟರಿನದು. ಸಾವು ಬದುಕಿನ ನಡುವಿನ ಅಂತರ ಅಷ್ಟರಲ್ಲೇ ಇರಬಹುದು.